ದೋಣಿಗಾಗಿ ಸವೆಯುವ ಸತು

ಲಕ್ಷ್ಮೇಶ್ವರದ ಸುತ್ತಿನ ಬಯಲುಸೀಮೆಯ ಊರುಗಳಲ್ಲಿ ಕಡಲಿನ ಮಾತು ಬರುವುದು ಅಪರೂಪ. ಅಡರಕಟ್ಟಿಯಿಂದ ಪಶ್ಚಿಮ ಕರಾವಳಿ ನೂರು ಕಿಲೋಮೀಟರಿಗೂ ಆಚೆ ಇದೆ. ಆ ಭಾಗದವರಿಗೆ ದೊಡ್ಡ ನೀರೆಂದರೆ ದಕ್ಷಿಣದಲ್ಲಿ ಹರಿಯುವ ತುಂಗಭದ್ರೆ. ಆದರೂ ಮಲ್ಪೆಯ ದಕ್ಕೆಯಲ್ಲಿ ನಿಂತ ಉಕ್ಕಿನ ಮೀನುಗಾರಿಕೆ ದೋಣಿಯ ತಳದಲ್ಲಿ ನೀರೊಳಗೆ ನಡೆಯುವ ಒಂದು ಸಂಗತಿ ಈ ಬಯಲಿನ ಮನೆಗಳಲ್ಲೂ ಸದ್ದಿಲ್ಲದೆ ನಡೆಯುತ್ತಿರುತ್ತದೆ.

ಬಾವಿಕಟ್ಟೆಯ ಮೇಲಿನ ಕಬ್ಬಿಣದ ಬಕೆಟ್ಟು, ದನದ ಕೊಟ್ಟಿಗೆಗೆ ಹೊದಿಸಿದ ತಗಡು, ಹೊಲದ ಬೇಲಿಯ ಮುಳ್ಳುತಂತಿ. ಇವುಗಳ ಮೇಲೆ ಬೂದು ಬಣ್ಣದ ತೆಳುವಾದ ಲೇಪವೊಂದಿರುತ್ತದೆ. ಅದು ಸತು. ಬಕೆಟ್ಟು ಕಲ್ಲಿಗೆ ತಾಗಿ ಲೇಪ ಗೀರಿದರೆ ಒಳಗಿನ ಕಬ್ಬಿಣ ಕಾಣುತ್ತದೆ. ಆದರೂ ಅಲ್ಲಿ ಬೇಗ ತುಕ್ಕು ಹಿಡಿಯುವುದಿಲ್ಲ. ಬಣ್ಣ ಬಳಿದ ಕಬ್ಬಿಣದ ಗತಿ ಬೇರೆ. ಬಣ್ಣ ಒಂದೆಡೆ ಎದ್ದರೆ ಸಾಕು, ಅಲ್ಲಿಂದ ತುಕ್ಕು ಒಳಗೊಳಗೇ ಹಬ್ಬುತ್ತದೆ. ಬಣ್ಣ ಕಬ್ಬಿಣವನ್ನು ಮುಚ್ಚುತ್ತದೆ, ಅಷ್ಟೇ. ಸತು ಮುಚ್ಚುವುದರ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ: ಗೀರಿನ ಪಕ್ಕದಲ್ಲಿ ತಾನೇ ಕರಗಿ ಕಬ್ಬಿಣವನ್ನು ಉಳಿಸುತ್ತದೆ.

ಉಕ್ಕಿನ ದೋಣಿಯ ತಳಕ್ಕೆ, ಚುಕ್ಕಾಣಿಗೆ, ಪ್ರೊಪೆಲ್ಲರಿನ ಶಾಫ್ಟಿಗೆ ಕೂರಿಸುವ ಸತುವಿನ ಗಟ್ಟಿಗಳು ಮಾಡುವುದೂ ಇದೇ ಕೆಲಸ. ಇವುಗಳನ್ನು ವಿಜ್ಞಾನದಲ್ಲಿ ‘ಬಲಿ ಆನೋಡು’ ಎನ್ನುತ್ತಾರೆ. ದೋಣಿಯ ಬೆಲೆಯ ಮುಂದೆ ಇವುಗಳ ಬೆಲೆ ಅತ್ಯಲ್ಪ. ಆದರೆ ಇವು ಸವೆದು ಹೋದದ್ದನ್ನು ಗಮನಿಸದಿದ್ದರೆ ಸವೆಯುವ ಸರದಿ ದೋಣಿಯದೇ. ಈ ಸರಳ ಉಪಾಯದ ಹಿಂದೆ ಎರಡೂವರೆ ಶತಮಾನಗಳ ಕಥೆ ಇದೆ. ಅದರಲ್ಲಿ ಒಬ್ಬ ಮಹಾ ವಿಜ್ಞಾನಿಯ ಸೋಲೂ ಇದೆ.

ಲೋಹವಿಲ್ಲದ ದೋಣಿಗಳು

ನೀರಿನಲ್ಲಿ ಲೋಹ ಕೆಡುವ ಚಿಂತೆ ನಮ್ಮ ಹಳೆಯ ದೋಣಿಗಳಿಗೆ ಇರಲಿಲ್ಲ. ತುಂಗಭದ್ರೆಯ ಹರಿಗೋಲನ್ನು ನೋಡಿದರೆ ಇದು ತಿಳಿಯುತ್ತದೆ. ಬಿದಿರಿನ ದಬ್ಬೆಗಳನ್ನು ಬುಟ್ಟಿಯಂತೆ ಹೆಣೆದು, ಹೊರಗೆ ಚರ್ಮ ಹೊದಿಸಿ ಮಾಡುತ್ತಿದ್ದ ತೆಪ್ಪ ಅದು. ಈಚಿನ ದಶಕಗಳಲ್ಲಿ ಚರ್ಮದ ಜಾಗಕ್ಕೆ ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆ ಬಂದಿದೆ. ತುಕ್ಕು ಹಿಡಿಯಲು ಅದರಲ್ಲಿ ಲೋಹವೇ ಇಲ್ಲ.

ಕರಾವಳಿಯಲ್ಲೂ ಇದಕ್ಕೆ ಹೋಲುವ ಪದ್ಧತಿ ಇತ್ತು. ಹಲಗೆಗಳ ಅಂಚಿನಲ್ಲಿ ತೂತು ಕೊರೆದು, ತೆಂಗಿನ ನಾರಿನ ಹುರಿಯಿಂದ ಅವನ್ನು ಹೊಲಿದು ದೋಣಿ ಕಟ್ಟುತ್ತಿದ್ದರು. 1340ರ ದಶಕದಲ್ಲಿ ಹೊನ್ನಾವರಕ್ಕೂ ಬಂದಿದ್ದ ಪ್ರವಾಸಿ ಇಬ್ನ್ ಬತೂತ ಇಂಥ ಹೊಲಿದ ಹಡಗುಗಳ ಬಗ್ಗೆ ಬರೆದಿದ್ದಾನೆ. ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹುರಿಯಿಂದ ಹೊಲಿದದ್ದು ಬಾಗಿ ತಾಳಿಕೊಳ್ಳುತ್ತದೆ ಎಂಬುದು ಅವನು ಕೊಟ್ಟ ಕಾರಣ. ಮೊಳೆಯೇ ಇಲ್ಲದಿದ್ದರೆ ಮೊಳೆ ತುಕ್ಕು ಹಿಡಿಯುವ ಭಯವೂ ಇಲ್ಲ ಎಂಬುದು ಅದರ ಜೊತೆಗೆ ಬಂದ ಲಾಭ.

1960ರ ದಶಕದಲ್ಲಿ ಈ ಚಿತ್ರ ಬದಲಾಗತೊಡಗಿತು. ಕೇರಳದಲ್ಲಿ ಆರಂಭವಾಗಿದ್ದ ಭಾರತ–ನಾರ್ವೆ ಯೋಜನೆ ಕಾರವಾರಕ್ಕೂ ವಿಸ್ತರಿಸಿತು. ಮೀನುಗಾರಿಕೆಗೆ ಯಂತ್ರದ ದೋಣಿಗಳು ಬಂದವು. ಎಂಜಿನ್ನಿನ ಜೊತೆಗೆ ಉಕ್ಕಿನ ಶಾಫ್ಟು, ಕಂಚಿನ ಪ್ರೊಪೆಲ್ಲರು, ಕಬ್ಬಿಣದ ಚುಕ್ಕಾಣಿ ಎಲ್ಲವೂ ಉಪ್ಪುನೀರಿಗೆ ಇಳಿದವು. ಮುಂದೆ ತಳವನ್ನೇ ಉಕ್ಕಿನ ತಗಡಿನಿಂದ ಬೆಸೆದ ದೋಣಿಗಳೂ ಬಂದವು. ಹೀಗೆ ಬೇರೆ ಬೇರೆ ಲೋಹಗಳು ಒಂದೇ ನೀರಿನಲ್ಲಿ ಒಂದಕ್ಕೊಂದು ತಾಗಿ ನಿಂತಾಗ ಏನಾಗುತ್ತದೆ ಎಂಬುದನ್ನು ಯುರೋಪಿನ ಹಡಗುಗಳು ಇನ್ನೂರು ವರ್ಷಗಳ ಹಿಂದೆಯೇ ಕಂಡಿದ್ದವು.

ಕಂದು ಕಾಗದ ಹೇಳಿದ ಗುಟ್ಟು

ಮರದ ಹಡಗಿಗೆ ಎರಡು ಶತ್ರುಗಳು. ಒಂದು, ಹಲಗೆಯನ್ನು ಒಳಗೊಳಗೇ ಕೊರೆದು ಜೇನುಗೂಡಿನಂತೆ ಮಾಡುವ ಕಡಲಹುಳು. ಇನ್ನೊಂದು, ತಳಕ್ಕೆ ಅಂಟಿ ಬೆಳೆದು ವೇಗ ತಗ್ಗಿಸುವ ಚಿಪ್ಪುಜೀವಿ ಮತ್ತು ಪಾಚಿ. ಈ ಎರಡನ್ನೂ ತಡೆಯಲು ಬ್ರಿಟಿಷ್ ನೌಕಾಪಡೆ 1761ರಲ್ಲಿ ‘ಅಲಾರ್ಮ್’ ಎಂಬ ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸಿತು. ಹಡಗು ವೆಸ್ಟ್ ಇಂಡೀಸಿಗೆ ಹೋಗಿ 1763ರಲ್ಲಿ ಪರೀಕ್ಷೆಗೆ ಮರಳಿತು. ಹುಳು ಹೊಕ್ಕಿರಲಿಲ್ಲ. ಆದರೆ ತಗಡನ್ನು ಹಿಡಿದಿಟ್ಟಿದ್ದ ಕಬ್ಬಿಣದ ಮೊಳೆಗಳು ಅನೇಕ ಕಡೆ ಕರಗಿ ಹೋಗಿದ್ದವು.

ಎಲ್ಲ ಮೊಳೆಗಳಿಗೂ ಈ ಗತಿ ಬಂದಿರಲಿಲ್ಲ ಎಂಬುದೇ ಸ್ವಾರಸ್ಯದ ಸಂಗತಿ. ತಗಡುಗಳನ್ನು ಸುತ್ತಿ ತಂದಿದ್ದ ಕಂದು ಕಾಗದವನ್ನು ಕೆಲಸಗಾರರು ಕೆಲವು ಕಡೆ ತೆಗೆಯದೆ ಹಾಗೇ ಬಿಟ್ಟಿದ್ದರು. ಆ ಕಾಗದ ತಾಮ್ರ ಮತ್ತು ಕಬ್ಬಿಣದ ನಡುವೆ ಉಳಿದಿದ್ದ ಕಡೆಗಳಲ್ಲಿ ಮೊಳೆಗಳು ಗಟ್ಟಿಯಾಗಿದ್ದವು. ಎರಡು ಲೋಹಗಳು ನೇರವಾಗಿ ತಾಗಬಾರದು ಎಂಬ ಪಾಠ ಸಿಕ್ಕಿತು. ಯಾಕೆ ತಾಗಬಾರದು ಎಂಬುದಕ್ಕೆ ಆಗ ಯಾರಲ್ಲೂ ಉತ್ತರವಿರಲಿಲ್ಲ.

ಉತ್ತರ ಬಂದದ್ದು ಇಟಲಿಯಿಂದ. ಎರಡು ಬಗೆಯ ಲೋಹ ತಾಗಿಸಿದಾಗ ಸತ್ತ ಕಪ್ಪೆಯ ಕಾಲು ಅದುರುವುದನ್ನು ಗಾಲ್ವಾನಿ ಕಂಡ. ಈ ಪ್ರಯೋಗಗಳನ್ನು ಅವನು 1791ರಲ್ಲಿ ಪ್ರಕಟಿಸಿದ. ಇದಕ್ಕೆ ಕಾರಣ ಕಪ್ಪೆಯಲ್ಲಿಲ್ಲ, ಲೋಹಗಳಲ್ಲಿದೆ ಎಂದು ವಾದಿಸಿದ ವೋಲ್ಟಾ, 1800ರಲ್ಲಿ ಎರಡು ಲೋಹಗಳ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ರಟ್ಟು ಇಟ್ಟು ವಿದ್ಯುತ್ತಿನ ಕಂಬವನ್ನೇ ಕಟ್ಟಿ ತೋರಿಸಿದ. ಅದೇ ಮೊದಲ ಬ್ಯಾಟರಿ.

ಇದನ್ನು ತಿಳಿಯಲು ಟಾರ್ಚಿನ ಹಳೆಯ ಸೆಲ್ಲೊಂದು ಸಾಕು. ಸಾಮಾನ್ಯ ಸೆಲ್ಲಿನ ಹೊರಡಬ್ಬಿ ಸತುವಿನದು. ಟಾರ್ಚು ಉರಿದಂತೆ ಆ ಸತು ಕರಗುತ್ತದೆ. ಬಹಳ ದಿನ ಬಿಟ್ಟರೆ ಡಬ್ಬಿ ತೂತಾಗಿ ಒಳಗಿನ ರಸ ಸೋರುತ್ತದೆ. ಎರಡು ಲೋಹಗಳು ತಂತಿಯಿಂದಲೋ ನೇರ ಸ್ಪರ್ಶದಿಂದಲೋ ಕೂಡಿ, ಒಂದೇ ಉಪ್ಪುನೀರಿನಲ್ಲಿ ಮುಳುಗಿದ್ದರೆ ಅಲ್ಲಿ ಒಂದು ಸೆಲ್ಲು ಹುಟ್ಟುತ್ತದೆ. ಆಗ ಹೆಚ್ಚು ಚುರುಕಾದ ಲೋಹ ಕರಗುತ್ತದೆ, ಮಂದವಾದದ್ದು ಉಳಿಯುತ್ತದೆ. ತಾಮ್ರ ಮತ್ತು ಕಬ್ಬಿಣ ಜೊತೆಯಾದರೆ ಕರಗುವುದು ಕಬ್ಬಿಣ. ಕಬ್ಬಿಣ ಮತ್ತು ಸತು ಜೊತೆಯಾದರೆ ಕರಗುವುದು ಸತು. ‘ಅಲಾರ್ಮ್’ ಹಡಗಿನ ಮೊಳೆಗಳು ಕರಗಿದ್ದೂ, ನಮ್ಮ ಬಕೆಟ್ಟಿನ ಗೀರು ಉಳಿದದ್ದೂ ಒಂದೇ ನಿಯಮದಿಂದ.

ಡೇವಿಯ ಗೆಲುವು, ಡೇವಿಯ ಸೋಲು

ಈ ನಿಯಮವನ್ನು ತಿರುಗಿಸಿ ಉಪಯೋಗಿಸಬಹುದೆಂದು ಕಂಡವನು ಇಂಗ್ಲೆಂಡಿನ ಹಂಫ್ರಿ ಡೇವಿ. ಗಣಿಗಳಲ್ಲಿ ಬಳಸುವ ಸುರಕ್ಷಾ ದೀಪದಿಂದ ಅವನ ಹೆಸರು ನಮ್ಮ ಶಾಲಾ ಮಕ್ಕಳಿಗೂ ಪರಿಚಿತ. ಅಷ್ಟರಲ್ಲಿ ನೌಕಾಪಡೆಯ ಹಡಗುಗಳಿಗೆಲ್ಲ ತಾಮ್ರದ ತಳ ಬಂದಿತ್ತು. ಆ ತಾಮ್ರವೂ ಕಡಲನೀರಿನಲ್ಲಿ ಬೇಗ ಸವೆಯುತ್ತಿತ್ತು. ಇದಕ್ಕೆ ಪರಿಹಾರವೇನೆಂದು ನೌಕಾಪಡೆ 1823ರಲ್ಲಿ ಡೇವಿಯನ್ನು ಕೇಳಿತು.

1824ರ ಜನವರಿಯಲ್ಲಿ ಡೇವಿ ರಾಯಲ್ ಸೊಸೈಟಿಯ ಮುಂದೆ ತನ್ನ ಉತ್ತರವಿಟ್ಟ. ಬಟಾಣಿಯಷ್ಟು ಸತುವನ್ನೋ ಸಣ್ಣ ಕಬ್ಬಿಣದ ಮೊಳೆಯ ತುದಿಯನ್ನೋ ತಾಮ್ರಕ್ಕೆ ತಾಗಿಸಿಟ್ಟರೆ, 40–50 ಚದರ ಅಂಗುಲದ ತಾಮ್ರ ಉಪ್ಪುನೀರಿನಲ್ಲೂ ಕೆಡದೆ ಉಳಿಯುತ್ತಿತ್ತು. ಸತುವನ್ನು ತಗಡಿನ ಯಾವ ಮೂಲೆಯಲ್ಲಿಟ್ಟರೂ ಫಲ ಒಂದೇ. ಪೋರ್ಟ್ಸ್‌ಮತ್ ಬಂದರಿನಲ್ಲಿ ಪ್ರಯೋಗಗಳು ನಡೆದವು. ಅವುಗಳಲ್ಲಿ ಯುವಕ ಮೈಕೆಲ್ ಫ್ಯಾರಡೆಯ ನೆರವೂ ಇತ್ತು. ‘ಸಮರಾಂಗ್’ ಎಂಬ ಹಡಗಿಗೆ ಎರಕದ ಕಬ್ಬಿಣದ ಕಾಪುಗಳನ್ನು ಕೂರಿಸಿ ಅಟ್ಲಾಂಟಿಕ್‌ನಾಚೆಯ ನೋವಾ ಸ್ಕೋಷಿಯಾಕ್ಕೆ ಕಳಿಸಿದರು. 1825ರಲ್ಲಿ ಅದು ಮರಳಿದಾಗ ತಾಮ್ರ ಚೆನ್ನಾಗಿಯೇ ಇತ್ತು.

ಆದರೆ ಇತರ ಹಡಗುಗಳಿಂದ ಬೇರೆಯದೇ ಸುದ್ದಿ ಬರತೊಡಗಿತು. ಕಾಪು ಹಾಕಿದ ಹಡಗುಗಳ ತಳಕ್ಕೆ ಚಿಪ್ಪುಜೀವಿಗಳೂ ಪಾಚಿಯೂ ದಟ್ಟವಾಗಿ ಅಂಟಿಕೊಂಡಿದ್ದವು. ಹಡಗುಗಳು ಓಡದಾದವು. ಕಾರಣ ವಿಚಿತ್ರವಾದದ್ದು: ತಾಮ್ರ ಕಡಲಜೀವಿಗಳನ್ನು ದೂರವಿಡುತ್ತಿದ್ದುದು ತಾನು ಸ್ವಲ್ಪ ಸ್ವಲ್ಪವಾಗಿ ಕರಗಿ ನೀರಿಗೆ ಬಿಡುತ್ತಿದ್ದ ವಿಷದಿಂದಲೇ. ಡೇವಿಯ ಕಾಪು ತಾಮ್ರ ಕರಗುವುದನ್ನು ಸಂಪೂರ್ಣವಾಗಿ ನಿಲ್ಲಿಸಿತು. ಅದರೊಂದಿಗೆ ವಿಷವೂ ನಿಂತಿತು. ತಗಡು ಉಳಿಯಿತು, ತಗಡಿನ ಉದ್ದೇಶ ಹೋಯಿತು.

ನೌಕಾಪಡೆ 1825ರಿಂದಲೇ ಕಾಪುಗಳನ್ನು ತೆಗೆಸತೊಡಗಿತು. 1828ರ ಹೊತ್ತಿಗೆ ಎಲ್ಲವನ್ನೂ ಕೈಬಿಟ್ಟಿತು. ಪತ್ರಿಕೆಗಳು ಟೀಕಿಸಿದವು. ಡೇವಿ 1829ರಲ್ಲಿ ಜಿನೀವಾದಲ್ಲಿ ತೀರಿಕೊಂಡ. ಅವನ ರಸಾಯನಶಾಸ್ತ್ರದಲ್ಲಿ ತಪ್ಪಿರಲಿಲ್ಲ. ಅವನು ಉಳಿಸಲು ಹೊರಟ ಲೋಹ ಸವೆಯುತ್ತಲೇ ಇರಬೇಕಾದದ್ದು ಎಂಬುದಷ್ಟೇ ಅವನ ಗಮನಕ್ಕೆ ಬಾರದೆ ಹೋಯಿತು. ಮುಂದೆ ಹಡಗುಗಳ ತಳ ಕಬ್ಬಿಣದ್ದಾಯಿತು. ಕಬ್ಬಿಣ ಸವೆಯುವುದರಿಂದ ಯಾರಿಗೂ ಲಾಭವಿಲ್ಲ. ಆಗ ಡೇವಿಯ ಉಪಾಯಕ್ಕೆ ಸರಿಯಾದ ಜಾಗ ಸಿಕ್ಕಿತು. ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದಿ ತೆಗೆಯುವ ವಿಧಾನಕ್ಕೆ ಫ್ರಾನ್ಸಿನ ಸೊರೆಲ್ 1837ರಲ್ಲಿ ಹಕ್ಕುಪತ್ರ ಪಡೆದ. ಬಕೆಟ್ಟು, ತಗಡು, ಮುಳ್ಳುತಂತಿಗಳ ಬೂದು ಲೇಪ ಅಲ್ಲಿಂದ ಬಂದದ್ದು.

ಜಾವರದಿಂದ ಬೀದರಿನವರೆಗೆ

ಸತು ಯುರೋಪಿನಿಂದ ಬಂದ ಲೋಹವೆಂದು ಭಾವಿಸಬೇಕಿಲ್ಲ. ಅದನ್ನು ಅದಿರಿನಿಂದ ತೆಗೆಯುವುದು ಕಷ್ಟದ ಕೆಲಸ. ಸತು 419 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ, 907 ಡಿಗ್ರಿಯಲ್ಲಿ ಆವಿಯಾಗುತ್ತದೆ. ಅದಿರಿನಿಂದ ಬಿಡುಗಡೆಯಾಗಲು ಬೇಕಾದ ಶಾಖ ಅದಕ್ಕಿಂತಲೂ ಹೆಚ್ಚು. ಹೀಗಾಗಿ ಕುಲುಮೆಯಲ್ಲಿ ಲೋಹ ಆವಿಯಾಗಿ ಹಾರಿ, ಗಾಳಿ ತಾಗಿ ಮತ್ತೆ ಪುಡಿಯಾಗಿಬಿಡುತ್ತದೆ. ರಾಜಸ್ಥಾನದ ಉದಯಪುರದ ಬಳಿಯ ಜಾವರದ ಕುಶಲಿಗಳು ಇದಕ್ಕೆ ಉಪಾಯ ಕಂಡುಕೊಂಡಿದ್ದರು. ಬದನೆಕಾಯಿಯ ಆಕಾರದ ಮಣ್ಣಿನ ಪಾತ್ರೆಗಳನ್ನು ಬಾಯಿ ಕೆಳಗೆ ಮಾಡಿ ಕುಲುಮೆಯಲ್ಲಿಟ್ಟು, ಆವಿಯನ್ನು ಕೆಳಗಿನ ತಂಪು ಕೋಣೆಗೆ ಇಳಿಸಿ ಅವರು ಲೋಹ ಪಡೆಯುತ್ತಿದ್ದರು. ಮಧ್ಯಯುಗದಲ್ಲಿಯೇ ಅಲ್ಲಿ ಈ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿತ್ತು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವಿಲಿಯಂ ಚಾಂಪಿಯನ್ ಸತು ತೆಗೆಯುವ ವಿಧಾನಕ್ಕೆ ಹಕ್ಕುಪತ್ರ ಪಡೆದದ್ದು 1738ರಲ್ಲಿ.

ಕರ್ನಾಟಕದಲ್ಲಿ ಸತು ಕಲೆಯಾಗಿ ಅರಳಿದ್ದು ಬೀದರಿನಲ್ಲಿ. ಬಿದ್ರಿ ಹೂಜಿ, ಹುಕ್ಕಾ, ತಟ್ಟೆಗಳ ಲೋಹದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಸತು, ಉಳಿದದ್ದು ತಾಮ್ರ. ಅದರ ಮೇಲೆ ಚಿತ್ತಾರ ಕೊರೆದು, ಬೆಳ್ಳಿಯ ತಂತಿ ಕೂರಿಸಿ, ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜೊತೆ ಕಲಸಿ ತಿಕ್ಕುತ್ತಾರೆ. ಸತುವಿನ ಮೈ ಕಡುಗಪ್ಪಾಗುತ್ತದೆ. ಬೆಳ್ಳಿ ಮಾತ್ರ ಮೊದಲಿನಂತೆಯೇ ಹೊಳೆಯುತ್ತದೆ. ಎದುರಾದ ಲವಣಕ್ಕೆ ಸತು ಮೊದಲು ಸ್ಪಂದಿಸುತ್ತದೆ, ಪಕ್ಕದ ಲೋಹ ಹಾಗೇ ಉಳಿಯುತ್ತದೆ. ಬೀದರಿನ ಕಸುಬುದಾರ ಸತುವಿನ ಈ ಚುರುಕು ಸ್ವಭಾವದಿಂದ ಅಂದ ಪಡೆದ. ದೋಣಿಯವರು ಅದೇ ಸ್ವಭಾವದಿಂದ ರಕ್ಷಣೆ ಪಡೆಯುತ್ತಾರೆ.

ಮಳೆಗಾಲದ ಕೆಲಸ

ಕೊಚ್ಚಿಯಲ್ಲಿ 1957ರಲ್ಲಿ ಆರಂಭವಾದ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಈ ವಿದ್ಯೆಯನ್ನು ನಮ್ಮ ಸಣ್ಣ ದೋಣಿಗಳಿಗೆ ಹೊಂದಿಸುವ ಪ್ರಯೋಗಗಳನ್ನು ನಡೆಸಿತು. ದೋಣಿಗಳಿಗೆಂದೇ ಅಲ್ಯೂಮಿನಿಯಂ ಮಿಶ್ರಲೋಹದ ಬಲಿ ಆನೋಡನ್ನೂ ಅದು ರೂಪಿಸಿತು. ತಮಿಳುನಾಡಿನ ಕಾರೈಕುಡಿಯಲ್ಲಿರುವ ಕೇಂದ್ರೀಯ ವಿದ್ಯುತ್–ರಸಾಯನ ಸಂಶೋಧನಾ ಸಂಸ್ಥೆಯೂ ಲೋಹಗಳ ಸವೆತದ ಅಧ್ಯಯನಕ್ಕೆ ಹೆಸರಾಗಿದೆ.

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ದೋಣಿಗಳು ದಡ ಸೇರುವ ಈ ಕಾಲವೇ ದುರಸ್ತಿಯ ಕಾಲ. ತಳ ಕೆರೆಯುವುದು, ಬಣ್ಣ ಬಳಿಯುವುದು, ಎಂಜಿನ್ ಬಿಚ್ಚುವುದು ಇವುಗಳ ನಡುವೆ ಸತುವಿನ ಗಟ್ಟಿ ಬದಲಿಸುವುದು ಸಣ್ಣ ಕೆಲಸ. ಸಣ್ಣದಾದುದರಿಂದಲೇ ಮರೆತುಹೋಗುವ ಕೆಲಸವೂ ಹೌದು.

ಗಟ್ಟಿ ಅರ್ಧದಷ್ಟು ಸವೆದಿದ್ದರೆ ಬದಲಿಸಬೇಕೆಂಬುದು ರೂಢಿ. ಹೊಸದನ್ನು ಕೂರಿಸುವ ಜಾಗವನ್ನು ತಂತಿಯ ಬ್ರಶ್ಶಿನಿಂದ ಉಜ್ಜಿ ಲೋಹ ಹೊಳೆಯುವಂತೆ ಮಾಡಬೇಕು. ಸತು ಮತ್ತು ಉಕ್ಕಿನ ನಡುವೆ ಬಣ್ಣವೋ ತುಕ್ಕೋ ಉಳಿದರೆ ವಿದ್ಯುತ್ತಿನ ದಾರಿ ಕಡಿಯುತ್ತದೆ. ‘ಅಲಾರ್ಮ್’ ಹಡಗಿನಲ್ಲಿ ಮೊಳೆಯನ್ನು ಉಳಿಸಿದ ಕಾಗದದಂಥ ಅಡ್ಡಿ ಇಲ್ಲಿ ದೋಣಿಯನ್ನು ಕೆಡಿಸುತ್ತದೆ. ಇನ್ನೊಂದು ಸಾಮಾನ್ಯ ತಪ್ಪೆಂದರೆ ತಳಕ್ಕೆ ಬಣ್ಣ ಬಳಿಯುವಾಗ ಸತುವಿನ ಮೇಲೂ ಬಳಿದುಬಿಡುವುದು. ಬಣ್ಣ ಬಳಿದ ಸತು ಕರಗಲಾರದು. ಕರಗದ ಸತು ಕಾಯಲಾರದು.

ಆದ್ದರಿಂದ ವರ್ಷದ ಬಳಿಕವೂ ಹೊಸದರಂತೆ ಹೊಳೆಯುವ ಸತು ಕಂಡರೆ ಹಣ ಉಳಿಯಿತೆಂದು ಸಂತೋಷಪಡುವಂತಿಲ್ಲ. ಅದು ಕೆಲಸವನ್ನೇ ಮಾಡಿಲ್ಲ ಎಂದರ್ಥ. ಹಾಗೆಯೇ ಕೆಲವೇ ವಾರಗಳಲ್ಲಿ ಸತು ಕರಗಿ ಹೋದರೆ ದೋಣಿಯ ಬ್ಯಾಟರಿಯಿಂದಲೋ ತಂತಿಯಿಂದಲೋ ವಿದ್ಯುತ್ತು ನೀರಿಗೆ ಸೋರುತ್ತಿದೆಯೇ ಎಂದು ನೋಡಬೇಕಾಗುತ್ತದೆ. ಸವೆದ ಗಟ್ಟಿ ಒಂದು ಬಗೆಯ ವರದಿಯೇ. ಓದಲು ಬಂದರೆ ದೋಣಿಯ ಆರೋಗ್ಯವನ್ನೆಲ್ಲ ಹೇಳುತ್ತದೆ.

ಎಷ್ಟು ಸತು ಬೇಕೆಂಬುದಕ್ಕೂ ಲೆಕ್ಕವಿದೆ. 1 ಕಿಲೋ ಸತು ಕರಗುವಾಗ ಸುಮಾರು 780 ಆಂಪಿಯರ್–ಗಂಟೆಯಷ್ಟು ವಿದ್ಯುತ್ತು ಕೊಡುತ್ತದೆ. ದೋಣಿಯ ರಕ್ಷಣೆಗೆ ಒಟ್ಟು ಅರ್ಧ ಆಂಪಿಯರ್ ಬೇಕಾದರೆ, 10 ಕಿಲೋ ಸತುವಿನಲ್ಲಿ ನೂರಕ್ಕೆ 85 ಪಾಲು ಬಳಕೆಗೆ ಸಿಕ್ಕಿತೆಂದು ಹಿಡಿದರೂ ಸುಮಾರು 550 ದಿನ, ಅಂದರೆ ಒಂದೂವರೆ ವರ್ಷ ಬಾಳುತ್ತದೆ. ತಳದ ಬಣ್ಣ ಹಾಳಾಗಿದ್ದರೆ ಹೆಚ್ಚು ವಿದ್ಯುತ್ತು ಬೇಕಾಗಿ ಅವಧಿ ತಗ್ಗುತ್ತದೆ. ಸತುವಿನ ಶುದ್ಧತೆಯೂ ಮುಖ್ಯ. ಅದರಲ್ಲಿ ಕಬ್ಬಿಣದ ಬೆರಕೆ ಲಕ್ಷಕ್ಕೆ 5 ಭಾಗ ಮೀರಬಾರದೆಂದು ಮಾನಕಗಳು ಹೇಳುತ್ತವೆ. ಬೆರಕೆ ಹೆಚ್ಚಾದರೆ ಸತುವಿನ ಮೇಲೆ ಗಟ್ಟಿ ಪೊರೆ ಕಟ್ಟಿ ಅದು ನಿಷ್ಕ್ರಿಯವಾಗುತ್ತದೆ. ಗುಜರಿಯ ಸತುವನ್ನು ಕರಗಿಸಿ ಅಚ್ಚು ಹೊಯ್ದು ಕೂರಿಸಿದರೆ ಆಗಬಹುದಾದ ನಷ್ಟ ಇದರಿಂದ ತಿಳಿಯುತ್ತದೆ.

ಹೆಚ್ಚು ಕೂರಿಸಿದರೆ ಹೆಚ್ಚು ಒಳ್ಳೆಯದೇ? ಉಕ್ಕಿನ ದೋಣಿಗೆ ಅಷ್ಟೇನೂ ಹಾನಿಯಿಲ್ಲ. ಮರದ ದೋಣಿಯಲ್ಲಿ ಮಾತ್ರ ಹಾಗಲ್ಲ. ಅತಿಯಾದ ರಕ್ಷಣೆ ಸಿಕ್ಕ ಲೋಹದ ಸುತ್ತ ಕ್ಷಾರ ಹುಟ್ಟುತ್ತದೆ. ಆ ಕ್ಷಾರ ಬೋಲ್ಟಿನ ಸುತ್ತಲಿನ ಮರವನ್ನು ನಾರುನಾರಾಗಿ ಮೆತ್ತಗೆ ಮಾಡುತ್ತದೆ. ಬೋಲ್ಟು ಗಟ್ಟಿಯಾಗಿ ಉಳಿದರೂ ಅದನ್ನು ಹಿಡಿದ ಮರ ಕೈಕೊಡುತ್ತದೆ. ಡೇವಿಗೆ ತಾಮ್ರ ಕಲಿಸಿದ ಪಾಠವನ್ನೇ ಇಲ್ಲಿ ಮರ ಇನ್ನೊಂದು ರೀತಿಯಲ್ಲಿ ಕಲಿಸುತ್ತದೆ.

ನೀರು ಬದಲಾದರೆ ಲೋಹವೂ ಬದಲಾಗಬೇಕು. ಸತು ಉಪ್ಪುನೀರಿನ ಕಾವಲುಗಾರ. ಗಂಗೊಳ್ಳಿ, ಮಂಗಳೂರಿನಂಥ ಅಳಿವೆಯ ಬಂದರುಗಳಲ್ಲಿ ಮಳೆಗಾಲದ ಹೊಳೆನೀರು ಬೆರೆತು ಉಪ್ಪಿನಂಶ ತಗ್ಗುತ್ತದೆ. ಅಂಥ ನೀರಿಗೆ ಅಲ್ಯೂಮಿನಿಯಂ ಮಿಶ್ರಲೋಹ ಹೆಚ್ಚು ಹೊಂದುತ್ತದೆ. ಪೂರ್ತಿ ಸಿಹಿನೀರಿಗೆ ಇನ್ನೂ ಚುರುಕಾದ ಮೆಗ್ನೀಸಿಯಂ ಬೇಕು. ಮುಂಡರಗಿ ತಾಲ್ಲೂಕಿನ ಹಮ್ಮಿಗಿಯ ಬಳಿ ತುಂಗಭದ್ರೆಗೆ ಉಕ್ಕಿನ ದೋಣಿಯೊಂದನ್ನು ಇಳಿಸಿದರೆ, ಮಲ್ಪೆಯಿಂದ ತಂದ ಸತು ಅಲ್ಲಿ ಹೆಚ್ಚು ಉಪಕಾರ ಮಾಡಲಾರದು.

ಮರೆಯಬಾರದ ಬಲಿ

ಬಲಿ ಎಂಬ ಮಾತು ಕೇಳಿದೊಡನೆ ಕನ್ನಡಿಗರಿಗೆ ನೆನಪಾಗುವುದು ‘ಕೆರೆಗೆ ಹಾರ’ದ ಭಾಗೀರಥಿ. ಆ ಜನಪದ ಕಥನಗೀತೆಯಲ್ಲಿ ನೀರಿಗಾಗಿ ಮನೆಯ ಸೊಸೆಯನ್ನೇ ಒಪ್ಪಿಸುತ್ತಾರೆ. ಕೇಳಿದವರ ಮನಸ್ಸಿನಲ್ಲಿ ಆ ನೋವು ಉಳಿಯುತ್ತದೆ. ಸತುವಿನ ಬಲಿಗೆ ಅಂಥ ಸಂಕಟವಿಲ್ಲ. ಅದಕ್ಕೆ ಇರುವುದು ಒಂದೇ ಷರತ್ತು: ಒಮ್ಮೆ ಕೊಟ್ಟು ಮುಗಿಸುವಂತಿಲ್ಲ, ಕಾಲಕಾಲಕ್ಕೆ ನೋಡಿ ಮತ್ತೆ ಮತ್ತೆ ಕೊಡಬೇಕು.

ನೀರಿನಲ್ಲಿ ನಿಂತ ಕಬ್ಬಿಣವನ್ನು ಯಾರಾದರೂ ನೋಡುತ್ತಲೇ ಇರಬೇಕೆಂಬ ಮಾತು ಬಯಲುಸೀಮೆಗೂ ಹೊಸದಲ್ಲ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದರ ಸರಪಳಿ ಕಡಿದು, ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರನ್ನು ರೈತರ ಕಣ್ಣೆದುರೇ ಹೊಳೆಗೆ ಬಿಡಬೇಕಾಯಿತು. ಅದು ಸತುವಿನ ಗಟ್ಟಿಯಿಂದ ತಪ್ಪುತ್ತಿದ್ದ ಅವಘಡವೆಂದು ಹೇಳಲಾಗದು. ಆದರೆ ಎಪ್ಪತ್ತು ವರ್ಷ ನೀರಿನಲ್ಲಿ ನಿಂತ ಉಕ್ಕಿನ ವಿಷಯದಲ್ಲಿ ನಿನ್ನೆಯವರೆಗೆ ಗಟ್ಟಿಯಾಗಿತ್ತು ಎಂಬ ಸಮಾಧಾನ ಸಾಲದು ಎಂಬುದನ್ನು ಅದು ನಾಡಿಗೆಲ್ಲ ತಿಳಿಸಿತು.

ಆಗಸ್ಟ್ ತಿಂಗಳು ಬಂದು ನಿಷೇಧ ಮುಗಿದಾಗ ಕರಾವಳಿಯ ದೋಣಿಗಳು ಮತ್ತೆ ನೀರಿಗಿಳಿಯುತ್ತವೆ. ಹೊಸ ಬಣ್ಣ, ಹೊಸ ಬಲೆ ಎಲ್ಲರಿಗೂ ಕಾಣುತ್ತವೆ. ತಳದ ಸತು ಯಾರಿಗೂ ಕಾಣುವುದಿಲ್ಲ. ದೋಣಿ ನೀರು ಮುಟ್ಟಿದ ಕ್ಷಣದಿಂದಲೇ ಅದು ಕರಗತೊಡಗುತ್ತದೆ. ಮುಂದಿನ ಜೂನ್‌ನಲ್ಲಿ ದೋಣಿ ದಡ ಹತ್ತಿದಾಗ, ಹುಳುಕು ಹಿಡಿದ ಹಲ್ಲಿನಂತಾದ ಆ ಗಟ್ಟಿಯನ್ನು ಬಿಚ್ಚಿ ಗುಜರಿಗೆ ಹಾಕುತ್ತಾರೆ. ಪಕ್ಕದಲ್ಲಿ ಉಕ್ಕಿನ ತಳ ಗಟ್ಟಿಯಾಗಿದ್ದರೆ ಅದರ ಕೆಲಸ ಚೆನ್ನಾಗಿ ನಡೆದಿದೆ ಎಂದು ತಿಳಿಯಬೇಕು.